ಸೊಳ್ಳೆಕೋಣೆಯ ಮುಸ್ಸಂಜೆ

ಬೋಬೊ-ಜುಲಾಸೊ ಊರಿನಲ್ಲಿ, ಸಂಶೋಧನೆಗೆಂದು ಸೊಳ್ಳೆ ಸಾಕುವ ಕೋಣೆಯಲ್ಲಿ ಕೊರೊತಿಮಿ ಪಂಜರದೊಳಗೆ ತೋಳು ಚಾಚಿ ಕುಳಿತಿದ್ದಳು. ಹೆಣ್ಣು ಸೊಳ್ಳೆಗಳು ಅವಳ ರಕ್ತವನ್ನು ಹೊಟ್ಟೆ ತುಂಬ ಕುಡಿದವು. ಉಣಿಸುವಾಗ ಅಲುಗಾಡಬಾರದೆಂಬುದು ಮಕ್ಕಳನ್ನು ಹೆತ್ತವಳಿಗೆ ಗೊತ್ತೇ ಇತ್ತು.

ರಕ್ತ ಕುಡಿದ ಮೇಲೆ ಹೊಟ್ಟೆಯಲ್ಲಿ ಹಾರ್ಮೋನು ಉಕ್ಕಿ ಮೊಟ್ಟೆ ಬಲಿಯುತ್ತದೆ. ಬಲಿತೂ ಇದ್ದವು. ಆದರೆ ಒದ್ದೆ ಕಾಗದದ ಮೇಲೆ ಒಂದೂ ಬೀಳಲಿಲ್ಲ. ಕೂಡುವಾಗ ಗಂಡು ದಾಟಿಸುವ ಹಾರ್ಮೋನು ಸಿಗದೆ ಈ ಜಾತಿಯ ಹೆಣ್ಣು ಮೊಟ್ಟೆ ಇಳಿಸುವುದಿಲ್ಲ. ಗಂಡುಗಳೇನೋ ಬೇಕಾದಷ್ಟಿದ್ದವು, ಕೆಲಸವಿಲ್ಲದ ಅಳಿಯಂದಿರಂತೆ ಬಲೆಗೆ ಒರಗಿಕೊಂಡು. ದೂರದ ಹಳ್ಳಿಯಿಂದ ತಂದ ಈ ಸೊಳ್ಳೆ ವಂಶದ್ದು ಇದೊಂದೇ ಪಂಜರ ಉಳಿದಿತ್ತು. ಇವು ಸತ್ತರೆ ವಂಶ ಮುಗಿದಂತೆ.

ಪಕ್ಕದ ಕೋಣೆಯಲ್ಲಿ ಇದೇ ಕೆಲಸ ಮಾಡುವ ಬುರೇಮ ಬಂದ. ಅವನು ದನಗಾಹಿಗಳ ಪುಲ್ ಕುಲದವನು, ಇವಳು ಬೋಬೊ ಕುಲದವಳು. ಈ ಎರಡು ಕುಲದವರು ಎದುರಾದಾಗ ಒಬ್ಬರನ್ನೊಬ್ಬರು ಆಳೆಂದು ಹಂಗಿಸಲೇಬೇಕು, ಸಿಟ್ಟಾಗುವಂತಿಲ್ಲ; ಹಂಗಿಸದೆ ಮರ್ಯಾದೆಯಿಂದ ಮಾತಾಡಿದರೆ ಸಂಬಂಧ ಕೆಟ್ಟಿತೆಂದೇ ಅರ್ಥ.

"ಏನೇ ನನ್ನ ಆಳೇ, ಬಸುರಿಯರನ್ನ ಇನ್ನೂ ಕಾಯ್ತಿದೀಯಾ?"

"ಹೋಗೋ ದನ ಕಾಯೋನೇ, ನಿನ್ನ ಹಸು ಕರೀತಿದೆ."

"ನನ್ನ ಹಸೂಗಾದ್ರೂ ಸಂಜೆ ಅಂತ ಒಂದಿದೆ. ಇಲ್ಲಿ ದೀಪ ಫಟ್ ಅಂತ ಆರುತ್ತೆ. ಪಾಪ, ಗಂಡುಗಳು ಯಾವಾಗ ಕುಣೀಬೇಕು?"

"ಬೋಬೊ ಹೆಂಗಸು ಹೇಳಿದ್ರೆ ಕತ್ತಲಲ್ಲೂ ಕುಣೀತಾವೆ ಬಿಡು."

ಅವನು ದಿನಾ ಅದನ್ನೇ ಹೇಳಿದ. ಅವಳು ದಿನಾ ನಕ್ಕಳು. ಪಂಜರದ ತಳದಲ್ಲಿ ಹೆಣ್ಣುಗಳು ಒಂದೊಂದಾಗಿ ಸತ್ತು ಬೀಳತೊಡಗಿದವು.

ಒಂದು ಸಂಜೆ ಅಂಗಳದಲ್ಲಿ ಮುದ್ದೆ ತಿರುವುತ್ತಿದ್ದ ಕೊರೊತಿಮಿ ತಲೆಯೆತ್ತಿದಳು. ಬಾವಿಕಟ್ಟೆಯ ಮೇಲೆ, ಕಪ್ಪಾಗುತ್ತಿದ್ದ ಬೆಳಕಿನಲ್ಲಿ, ಗಂಡು ಸೊಳ್ಳೆಗಳ ಹಿಂಡು ಕುಣಿಯುತ್ತಿತ್ತು. ಹೆಣ್ಣೊಂದು ಒಳನುಗ್ಗಿ ಜೋಡಿಯೊಂದಿಗೆ ಹೊರಬಿತ್ತು. ಅವಳ ಕೈ ನಿಂತಿತು. ಸೊಳ್ಳೆಕೋಣೆಯಲ್ಲಿ ಮೊದಲಿದ್ದ ಹಳೆಯ ದೀಪ ಆರುವಾಗ ಮೆಲ್ಲಗೆ ಮಂಕಾಗುತ್ತಿತ್ತು. ಅದು ಕೆಟ್ಟಾಗ ಫಟ್ಟನೆ ಆರುವ ಈ ಹೊಸದನ್ನು ಹಾಕಿಸಿದವಳು ತಾನೇ. ಪುಲ್‌ನವನೊಬ್ಬ ಬೋಬೊಗೆ ಹಂಗಿಸುತ್ತಲೇ ನಿಜ ಹೇಳಿಯಾನೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮುದ್ದೆ ಸೀದಿತು.

ಮರುದಿನ ಸಂಜೆ ಅವಳು ದೊಡ್ಡ ದೀಪ ಆರಿಸಿ, ಮೇಜಿನ ದೀಪದ ಮೇಲೆ ಹೊದೆಯುವ ಬಟ್ಟೆಯನ್ನು ಇಷ್ಟಿಷ್ಟೇ ಎಳೆದಳು. ತೋಳು ನೋಯುವಷ್ಟು ನಿಧಾನವಾಗಿ ಸಂಜೆಯಾಯಿತು. ಗಂಡುಗಳು ಬಲೆ ಬಿಟ್ಟೆದ್ದು ಗುಂಪಾಗಿ ಗುಂಯ್‌ಗುಟ್ಟಿದವು.

ಬೆಳಗುಗಳು ಕೆಲವು ಕಳೆದವು. ಒದ್ದೆ ಕಾಗದದ ಮೇಲೆ ಕರಿ ಎಳ್ಳು ಚೆಲ್ಲಿದಂತೆ ಮೊಟ್ಟೆಗಳು ಕಂಡವು. ಅವಳು ನೇರವಾಗಿ ಪಕ್ಕದ ಕೋಣೆಗೆ ಹೋದಳು.

"ಬುರೇಮ, ನೀನು ಹೇಳಿದ್ದು ಸರಿಯಾಗಿತ್ತು. ತುಂಬ ಉಪಕಾರವಾಯ್ತು."

ಬುರೇಮ ಕೈಯಲ್ಲಿದ್ದ ಪಂಜರ ಕೆಳಗಿಟ್ಟ. "ಯಾಕೆ ಹೀಗ್ ಮಾತಾಡ್ತಿದೀಯ? ನನ್ನಿಂದ ಏನು ತಪ್ಪಾಯ್ತು?"

"ಏನಿಲ್ಲ ಕಣೋ. ಆಳು ಅಂದ್ಮೇಲೆ ಇಷ್ಟಾದ್ರೂ ಕೆಲಸಕ್ಕೆ ಬರಬೇಕಲ್ಲ."

"ಹಾಗನ್ನು," ಎಂದು ಅವನು ಉಸಿರು ಬಿಟ್ಟ. "ಹೆದರಿಸಿಬಿಟ್ಟೆ."