ಒಂದೇ ಫೋನಿನಲ್ಲಿ ಇಬ್ಬರು ಗಂಗಮ್ಮ

ಮೊದಲಿಗೆ ಕ್ಷಮೆ ಇರಲಿ. ಕರೆಂಟು, ಮೋಟರು, ಫೋನುಗಳ ಒಳಗುಟ್ಟು ಬಲ್ಲವರು ಕೇಳುವವರಲ್ಲೇ ಹಲವರಿದ್ದೀರಿ. ನಿಮ್ಮ ಮುಂದೆ ಈ ಕಥೆ ಹೇಳುವುದು ಅಧಿಕಪ್ರಸಂಗವೇ ಸರಿ. ಆದರೆ ಹೇಳದೆ ಸುಮ್ಮನಿದ್ದು ನಾಳೆ ಯಾರದೋ ಕೈ ಹೋದರೆ ಎಂಬ ಅಂಜಿಕೆ ಅದಕ್ಕಿಂತ ದೊಡ್ಡದು. ತಪ್ಪಿದ್ದರೆ ತಿದ್ದಿ. ಕೊನೆಯವರೆಗೆ ಮಾತ್ರ ಕೇಳಿ.

ನಾಗರತ್ನಾಳ ಮನೆ ರಾಯಚೂರಿನಲ್ಲಿ. ಗಂಡ ಪ್ರಭುರಾಜನ ಅಕ್ಕಿ ಗಿರಣಿ ಮಾನ್ವಿ ದಾಟಿ ಪೋತ್ನಾಳದಲ್ಲಿ. ಗಿರಣಿಯ ಕರೆಂಟ್ ಬಿಲ್ ನೋಡಿ ನೋಡಿ ಸಾಕಾಗಿ, ಹೋದ ವರ್ಷ ಅವರು ಅಲ್ಲಿ ಒಂದು ಪೆಟ್ಟಿಗೆ ಹಾಕಿಸಿದ್ದರು. ಯಾವ ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅದು ಗಂಡ ಹೆಂಡತಿ ಇಬ್ಬರ ಫೋನಿಗೂ ತಿಳಿಸುತ್ತದೆ. ಕೆಲಸವಿಲ್ಲದೆ ತಿರುಗುವುದನ್ನು ನಿಲ್ಲಿಸುತ್ತದೆ. ಫೋನಿನಿಂದಲೇ ಶುರು, ಫೋನಿನಿಂದಲೇ ಬಂದ್.

ಇನ್ನೊಂದು ಜಾಣತನವೂ ಅದಕ್ಕಿತ್ತು. ದೊಡ್ಡ ಮೋಟರುಗಳು ಒಟ್ಟಿಗೇ ಓಡಿ ಹೊರೆ ಹೆಚ್ಚದಂತೆ ಅವುಗಳನ್ನು ಸರದಿಗೆ ನಿಲ್ಲಿಸುತ್ತಿತ್ತು. ಭತ್ತ ಒಣಗಿಸುವ ಡ್ರೈಯರ್ ಓಡುವಾಗ ನೀರಿನ ಮೋಟರ್ ಶುರು ಮಾಡಿದರೆ ಅದು ಕಾಯುತ್ತದೆ. ಡ್ರೈಯರ್ ನಿಂತ ಕೂಡಲೇ ತಾನಾಗಿ ತಿರುಗುತ್ತದೆ. ಈ ಸರದಿಯನ್ನು ಫೋನಿನಲ್ಲಿ ಕೂಡಿಸಿದವಳು ನಾಗರತ್ನಾಳೇ. ಬಿಲ್ ಇಳಿದಾಗ ಆಕೆಗೆ ಹೆಮ್ಮೆಯಾಗಿತ್ತು. ಆ ಉಮೇದಿನಲ್ಲೇ ಮನೆಯ ಸಂಪಿನ ಮೋಟರನ್ನೂ ಅದೇ ಫೋನಿಗೆ ಜೋಡಿಸಿಕೊಂಡಳು.

ಆಯುಧಪೂಜೆಯ ದಿನ ಪ್ರಭುರಾಜ ಮೋಟರುಗಳಿಗೆಲ್ಲ ಕುಂಕುಮ ಹಚ್ಚಿ, ಫೋನಿನಲ್ಲೂ ದೇವರ ಹೆಸರು ಇಟ್ಟ. ನೀರೆಂದರೆ ಗಂಗಮ್ಮ. ಹಾಗಾಗಿ ಮನೆಯ ನೀರಿನ ಮೋಟರೂ ಗಂಗಮ್ಮ, ಗಿರಣಿಯಲ್ಲಿ ಭತ್ತ ನೆನೆಸುವ ಟ್ಯಾಂಕಿಗೆ ನೀರು ಬಿಡುವ ಮೋಟರೂ ಗಂಗಮ್ಮ.

ಪಕ್ಕದ ಮನೆಯ ಆತಿಯಾ ಐಟಿಐ ಓದಿದವಳು, ಪ್ಯಾನೆಲ್ ಬೋರ್ಡ್ ಜೋಡಿಸುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಒಂದು ಭಾನುವಾರ ಚಹಾಕ್ಕೆ ಬಂದವಳು ನಾಗರತ್ನಾಳ ಫೋನ್ ನೋಡಿ ಹುಬ್ಬೇರಿಸಿದಳು.

"ಅಕ್ಕಾ, ಇದ್ರಾಗ ಇಬ್ಬರು ಗಂಗಮ್ಮ ಅದಾರಲ್ಲ?"

"ಮ್ಯಾಲಿನಾಕಿ ಮನೀದು, ಕೆಳಗಿನಾಕಿ ಮಿಲ್ಲಿಂದು. ನನಗ ಗುರುತದ."

"ನಿಮಗ ಗುರುತದ. ನಿಮ್ಮ ಬಟ್ಟಿಗೆ?" ಎಂದು ಆತಿಯಾ ಬೆರಳು ತೋರಿಸಿದಳು.

ಪ್ರಭುರಾಜ ನಕ್ಕ. "ದೇವರ ಹೆಸರು ತಗದು ನಂಬರ್ ಇಡಂತೀಯೇನವಾ?"

"ದೇವರು ಇರ್ಲಿ ಅಣ್ಣಾ. ಮುಂದ ಮನಿ, ಮಿಲ್ ಅಂತ ಹಚ್ಚರಿ ಸಾಕು. ಅದಿರ್ಲಿ, ರಿಪೇರಿ ಮಾಡೋವಾಗ ಮೋಟರಿನ ಕೈ ಸ್ವಿಚ್ ಇಳಿಸಿ ಕೀಲಿ ಹಾಕ್ತೀರಿಲ್ಲೋ?"

"ಫೋನ್‌ನ್ಯಾಗ ಬಂದ್ ಅಂತ ಕೆಂಪಗ ತೋರಸ್ತದಲ್ಲ, ಮತ್ತ ಕೀಲಿ ಯಾಕ? ಮೋಟರೇನು ಓಡಿ ಹೋಗ್ತದ?"

"ಓಡಿ ಹೋಗಂಗಿಲ್ಲಣ್ಣಾ. ನಿಂತಲ್ಲೇ ಓಡ್ತದ, ಅದೇ ಅಂಜಿಕಿ."

ಮಾತು ನಗೆಯಲ್ಲಿ ಮುಗಿಯಿತು. ಹೆಸರು ಬದಲಾಗಲಿಲ್ಲ, ಕೀಲಿಯೂ ಬರಲಿಲ್ಲ.

ಮುಂದೆ ಒಂದು ಮುಂಜಾನೆ ಗಿರಣಿಯಿಂದ ಪ್ರಭುರಾಜನ ಫೋನ್ ಬಂತು. "ನೆನಸೋ ಟ್ಯಾಂಕಿನ ಮೋಟರಿಂದು ಪಟ್ಟಾ ಹರದದ. ಮಾನ್ವಿಯಿಂದ ಹೊಸಾದು ತರಿಸೀನಿ. ಹುಸೇನಪ್ಪ ಏರಸಾಕತ್ತಾನ. ಫೋನ್‌ನ್ಯಾಗ ಗಂಗಮ್ಮನ್ನ ಬಂದ್ ಮಾಡೀನಿ, ನೀ ಏನೂ ಕಾಳಜಿ ಮಾಡಬ್ಯಾಡ."

ಹುಸೇನಪ್ಪ ಆ ಗಿರಣಿಯ ಹಳೆಯ ಆಳು. ಪಟ್ಟಾ, ಅಂದರೆ ಮೋಟರಿನ ಬೆಲ್ಟು, ಏರಿಸುವುದೆಂದರೆ ಗಾಲಿಗೂ ಪಟ್ಟಾಕ್ಕೂ ನಡುವೆ ಬೆರಳು ತೂರಿಸಿ ಎಳೆಯುವ ಕೆಲಸ.

ನಾಗರತ್ನಾ ಹೂಂಗುಟ್ಟಿ ಪಾತ್ರೆ ತೊಳೆಯಲು ಕೂತಳು. ಅಷ್ಟರಲ್ಲಿ ನಲ್ಲಿ ಗೊರಗೊರ ಅಂದು ನಿಂತುಬಿಟ್ಟಿತು. ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ತೆಗೆದು ಮೇಲಿನ ಗಂಗಮ್ಮನನ್ನು ಒತ್ತಿದಳು. ಸಂಪಿನ ಮೋಟರ್ ಗುಂಯ್ ಅನ್ನಬೇಕಿತ್ತು, ಅನ್ನಲಿಲ್ಲ. ಕರೆಂಟ್ ಹೋಗಿದೆಯೇ ಎಂದು ನೋಡಿದರೆ ಫ್ಯಾನ್ ತಿರುಗುತ್ತಿತ್ತು. ಮತ್ತೆ ಫೋನ್ ನೋಡಿದಳು. ಗಂಗಮ್ಮನ ಕೆಳಗೆ "ಸರದಿಯಲ್ಲಿದೆ" ಎಂಬ ಅಕ್ಷರಗಳಿದ್ದವು.

ಮನೆಯ ಮೋಟರಿಗೆ ಸರದಿಯೇ ಇಲ್ಲ.

ಇಬ್ಬರ ಫೋನಿನಲ್ಲೂ ಪಟ್ಟಿ ಒಂದೇ, ಕಡೆಗೆ ಮುಟ್ಟಿದ್ದು ಮೇಲೆ ಬರುತ್ತದೆ. ಗಂಡ ಈಗಷ್ಟೇ ಮುಟ್ಟಿದ್ದರಿಂದ ಗಿರಣಿಯ ಗಂಗಮ್ಮ ಫೋನಿನಲ್ಲಿ ಮೇಲಕ್ಕೆ ಬಂದು ಕೂತಿದ್ದಳು. ಪೋತ್ನಾಳದಲ್ಲಿ ಡ್ರೈಯರ್ ಓಡುತ್ತಿದೆ. ಅದು ನಿಂತ ಗಳಿಗೆಯಲ್ಲಿ ಹುಸೇನಪ್ಪನ ಬೆರಳಿರುವ ಮೋಟರ್ ತಾನಾಗಿ ತಿರುಗುತ್ತದೆ.

"ರದ್ದು" ಒತ್ತಿದಳು. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು, ಆಮೇಲೆ "ಸಂಪರ್ಕವಿಲ್ಲ" ಎಂದಿತು. ಮತ್ತೆ ಒತ್ತಿದಳು. ಮತ್ತೆ ಅದೇ. ಗಂಡನಿಗೆ ಫೋನ್ ಮಾಡಿದಳು. ಗಂಟೆ ಬಾರಿಸಿ ನಿಂತಿತು. ಗಿರಣಿಯ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಹುಸೇನಪ್ಪನ ಫೋನೂ ಬರೀ ಬಾರಿಸಿತು. ಕೆಲಸ ಮಾಡುವಾಗ ಆತ ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕುತ್ತಾನೆ, ಫೋನ್ ಅದರ ಕಿಸೆಯಲ್ಲಿ.

"ಆತಿಯಾ! ಆತಿಯಾ!" ನಾಗರತ್ನಾ ಗೋಡೆಯಾಚೆಗೆ ಕೂಗಿದಳು.

ಕೆಲಸಕ್ಕೆ ಹೊರಟಿದ್ದ ಆತಿಯಾ ಓಡಿ ಬಂದಳು. ಅರ್ಧ ಮಾತಿಗೇ ಅವಳಿಗೆ ಎಲ್ಲ ತಿಳಿಯಿತು. "ನಮ್ಮ ಮಾಮೂ!" ಎಂದಳು. ಅವಳ ಸೋದರಮಾವ ಜಿಲಾನಿ ಪಾಷಾನ ಚಹಾದ ಅಂಗಡಿ ಗಿರಣಿಯ ಎದುರಿಗೇ ಇದೆ. ಒಂದೇ ರಿಂಗಿಗೆ ಆತ ಫೋನ್ ಎತ್ತಿದ.

"ಮಾಮೂ, ದೌಡ್ಕೆ ಮಿಲ್ ಕು ಜಾವ್! ಹುಸೇನಪ್ಪ ಕಾ ಹಾತ್ ನಿಕಾಲ್ನೆ ಬೋಲೋ!" ಗಿರಣಿಗೆ ಓಡಿ ಹುಸೇನಪ್ಪನ ಕೈ ತೆಗೆಸು ಎಂದು ಉರ್ದುವಿನಲ್ಲಿ ಕೂಗಿ, ಫೋನಿನ ದನಿ ದೊಡ್ಡದು ಮಾಡಿದಳು.

ಇಬ್ಬರೂ ಫೋನಿನ ಮೇಲೆ ಬಾಗಿದರು. ಲಾರಿಯ ಹಾರ್ನು, ಜಿಲಾನಿ ಪಾಷಾನ ಏದುಸಿರು, ಆಮೇಲೆ ಡ್ರೈಯರಿನ ಭೋರ್ಗರೆತ. ನಾಗರತ್ನಾಳಿಗೆ ಆ ಸದ್ದು ಕೇಳಿ ಸಮಾಧಾನವೇ ಆಯಿತು. ಅದು ಓಡುತ್ತಿರುವಷ್ಟು ಹೊತ್ತು ಹುಸೇನಪ್ಪನ ಕೈ ಉಳಿದಿದೆ.

"ಪ್ರಭಣ್ಣಾ! ಹುಸೇನಪ್ಪಂದು ಕೈ..." ಜಿಲಾನಿ ಪಾಷಾ ಒದರಿದ.

"ಏನು? ಏನಂತೀಯೋ ಪಾಷಾ?" ಗಂಡನ ದನಿ.

"ಕೈ! ಕೈ!"

"ಈ ಸಪ್ಪಳದಾಗ ಏನೂ ಕೇಳವಲ್ದು. ತಡಿ, ಡ್ರೈಯರ್ ಬಂದ್ ಮಾಡ್ತೀನಿ."

ಮಾತು ಕೇಳಿಸಿಕೊಳ್ಳಲೆಂದು ಆತ ಡ್ರೈಯರ್ ನಿಲ್ಲಿಸುತ್ತಾನೆ. ಡ್ರೈಯರ್ ನಿಂತರೆ ಗಂಗಮ್ಮನ ಸರದಿ ಬರುತ್ತದೆ. ನಾಗರತ್ನಾ ಫೋನನ್ನು ಬಾಯಿಗೆ ಒತ್ತಿಕೊಂಡು ಚೀರಿದಳು.

"ಪಾಷಾ ಭಾಯ್, ಅವ್ರ ಕೈ ಹಿಡಕೋರಿ! ಡ್ರೈಯರ್ ಮುಟ್ಟಗೊಡಬ್ಯಾಡ್ರಿ! ಮೊದಲ ಹುಸೇನಪ್ಪನ್ನ ಈಚಿಗೆ ಎಳೀರಿ!"

ಏನೋ ಬಿದ್ದ ಸದ್ದು. ಗದ್ದಲ. "ಬಿಡೋ ನನ್ನ, ಹುಚ್ಚ ಹಿಡದದೇನೋ ನಿನಗ!" ಎಂಬ ಪ್ರಭುರಾಜನ ಬೈಗುಳ. ಅದರ ಹಿಂದೆಯೇ ಜಿಲಾನಿ ಪಾಷಾನ ಕೂಗು: "ಏ ಹುಸೇನಪ್ಪಾ, ಕೈ ತಗೀ! ತಗೀ ಅಂದ್ರ ತಗೀ!"

ಕೊಸರಿಕೊಂಡ ಪ್ರಭುರಾಜ ಸ್ವಿಚ್ ಒತ್ತಿಯೇಬಿಟ್ಟಿರಬೇಕು, ಡ್ರೈಯರಿನ ಸದ್ದು ಇಳಿಯಿತು. ಇಳಿಯುತ್ತ ಇಳಿಯುತ್ತ ನಿಂತೇಹೋಯಿತು. ಅದರ ಬೆನ್ನಿಗೇ ಚಟ್ಟೆಂದು ಚಾವಟಿ ಬೀಸಿದಂಥ ಸದ್ದು.

ಆತಿಯಾ "ಮಾಮೂ? ಮಾಮೂ?" ಅನ್ನುತ್ತಲೇ ಇದ್ದಳು.

"ಬಂತವ್ವಾ," ಕೊನೆಗೆ ಜಿಲಾನಿ ಪಾಷಾ ಅಂದ. "ಕೈ ಈಚಿಗೆ ಬಂತು. ಪಟ್ಟಾ ಹಾರಿ ಗ್ವಾಡಿಗೆ ಹೋಗಿ ಬಡೀತು. ಮನಶಾ ಛಲೋ ಅದಾನ."

ಸ್ವಲ್ಪ ಹೊತ್ತಿಗೆ ಹುಸೇನಪ್ಪನೇ ಮಾತಾಡಿದ. "ಅಕ್ಕಾರೆ, ಗಂಗಮ್ಮಗ ನಾ ಏನು ತಪ್ಪು ಮಾಡಿದ್ನಿರಿ?"

"ತಪ್ಪು ನಿಂದಲ್ಲಪ್ಪಾ, ನಂದು," ಎಂದು ನಾಗರತ್ನಾ ಅತ್ತಳು.

ಪ್ರಭುರಾಜ ಸಂಜೆ ಮನೆಗೆ ಬಂದವನೇ, "ನಾಳೆ ಆ ಪೆಟ್ಟಿಗಿ ಕಿತ್ತು ಒಗೀತೀನಿ," ಎಂದ. ಆತಿಯಾ ಅಲ್ಲೇ ಇದ್ದಳು.

"ಕಿತ್ತರ ಮತ್ತ ಬಿಲ್ ಏರ್ತದ ಅಣ್ಣಾ. ಪೆಟ್ಟಿಗಿ ಹೇಳಿದಷ್ಟು ಮಾಡ್ತದ. ಅಲ್ಲಿ ಮನಶಾರು ಅದಾರೋ ಇಲ್ಲೋ ಅದಕ್ಕ ಕಾಣಂಗಿಲ್ಲ. ಕಾಣಂಗ ನಾವು ಮಾಡ್ಬೇಕು."

"ಹೆಂಗ?"

"ಮೋಟರಿಗೆ ಹೋಗೋ ಕರೆಂಟನ್ನ ಕೈಲೇ ಕಡೀಬೇಕು. ಸ್ವಿಚ್ ಇಳಿಸಿ ಕೀಲಿ ಜಡೀಬೇಕು. ಕೀಲಿಕೈ ಕೆಲಸ ಮಾಡೋನ ಕಿಸೇದಾಗ ಇರ್ಬೇಕು, ನಿಮ್ಮ ಹತ್ತಿರ ಅಲ್ಲ. ಆಮ್ಯಾಲ ಅಕ್ಕ ಒತ್ತಲಿ, ನೀವು ಒತ್ತರಿ, ದಿಲ್ಲಿಯಿಂದ ಯಾರರೆ ಒತ್ತಲಿ, ಮೋಟರ್ ಅಲುಗಾಡಂಗಿಲ್ಲ."

"ಆವತ್ತ ನಕ್ಕಿದ್ದೆ ನಾನು," ಎಂದ ಪ್ರಭುರಾಜ.

ಅದೇ ವಾರ ಗಿರಣಿಯ ಪ್ರತಿ ಮೋಟರಿಗೂ ಕೀಲಿ ಹಾಕುವ ಕೈ ಸ್ವಿಚ್ ಬಂತು. ಫೋನಿನಲ್ಲಿ ಮನೆಯ ಪಟ್ಟಿ ಬೇರೆ, ಗಿರಣಿಯ ಪಟ್ಟಿ ಬೇರೆ ಆಯಿತು. ಇಬ್ಬರು ಗಂಗಮ್ಮರಿಗೂ ಊರಿನ ಹೆಸರು ಸೇರಿತು. ದೇವದುರ್ಗದಲ್ಲಿ ಹತ್ತಿ ಜಿನ್ನಿಂಗ್ ಮಿಲ್ ಇರುವ ನಾಗರತ್ನಾಳ ತಮ್ಮ ಚನ್ನವೀರ, ತನಗೂ ಅಂಥದೇ ಪೆಟ್ಟಿಗೆ ಬೇಕೆಂದು ಫೋನ್ ಮಾಡಿದ.

"ಹಾಕಿಸಪ್ಪಾ, ಛಲೋ ಅದ," ಎಂದಳು ಆಕೆ. "ಆದ್ರ ಮೊದಲ ಕೀಲಿ ತಗೊಂಡು ಬಾ. ಪೆಟ್ಟಿಗಿ ಆಮ್ಯಾಲ."

ಓದುವ, ಕೇಳುವ ಬಂಧುಗಳೇ, ಫೋನಿನಿಂದ ನಡೆಯುವ ಮೋಟರು, ಗೀಸರು, ಗಿರಣಿ ನಿಮ್ಮಲ್ಲೂ ಇರಬಹುದು. ಕರೆಂಟ್ ಉಳಿಸುವ ಈ ಸಾಧನಗಳನ್ನು ಧಾರಾಳವಾಗಿ ಬಳಸಿ. ಆದರೆ ಫೋನಿನಲ್ಲಿ ಬಂದ್ ಎಂದು ಕಂಡ ಮಾತ್ರಕ್ಕೆ ಯಾವ ಯಂತ್ರಕ್ಕೂ ಕೈ ಹಾಕಬೇಡಿ, ಇನ್ನೊಬ್ಬರ ಕೈಯನ್ನೂ ಹಾಕಿಸಬೇಡಿ. ಸ್ವಿಚ್ ಇಳಿಸಿ, ಕೀಲಿ ಹಾಕಿ, ಕೀಲಿಕೈ ಕಿಸೆಗೆ ಇಟ್ಟುಕೊಳ್ಳಿ. ಮನೆಯಲ್ಲಾದರೆ ಪ್ಲಗ್ ಕಿತ್ತಿಡಿ. ಯಾರ ಯಾರ ಫೋನಿನಿಂದ ನಿಮ್ಮ ಯಂತ್ರ ಶುರುವಾಗುತ್ತದೆ ಎಂದು ಇವತ್ತೇ ವಿಚಾರಿಸಿ. ಎರಡಕ್ಕೆ ಒಂದೇ ಹೆಸರಿದ್ದರೆ ಈಗಲೇ ಬದಲಿಸಿ. ತಾನಾಗಿ ಶುರುವಾಗುವ ಏರ್ಪಾಡು ಎಲ್ಲಿದೆಯೋ ಅಲ್ಲಿ ಎಲ್ಲರಿಗೂ ಕಾಣುವಂತೆ ದೊಡ್ಡದಾಗಿ ಬರೆದು ಹಚ್ಚಿ.

ನಾಗರತ್ನಾ ಒತ್ತಿದ "ರದ್ದು" ಆ ದಿನ ಯಾಕೆ ತಲುಪಲಿಲ್ಲ ಎಂದು ಹಲವರನ್ನು ಕೇಳಿದ್ದಾಯಿತು. ಒಬ್ಬರು ನೆಟ್‌ವರ್ಕ್ ಅಂದರು, ಒಬ್ಬರು ಪೆಟ್ಟಿಗೆಯ ದೋಷ ಅಂದರು. ನಿಜ ಯಾವುದೋ ನಮಗೆ ಇನ್ನೂ ಗೊತ್ತಾಗಿಲ್ಲ.