ಎಂಟು ಸೇರಿನ ಮಂಗಳವಾರ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಗಾಡಿಗಳನ್ನು ನಾನು ಕಣ್ಣು ಮುಚ್ಚಿಕೊಂಡು ಎಣಿಸಬಲ್ಲೆ. ಕಿವಿಯೂ ಬೇಕಾಗಿಲ್ಲ, ಮೂಗು ಸಾಕು. ಒಮ್ಮೆ ಅತ್ತ ಹದಿನಾರು ಎಂಬ ಊರಿನಲ್ಲಿ ಯಾರೋ ಮೊಪೆಡ್ ಚಾಲೂ ಮಾಡಿದ ವಾಸನೆ ಬಂತು. ಅದು ಇಲ್ಲಿಗೆ ಬರುವ ಮೊದಲೇ ಹಾಳೆಯ ಮೇಲೆ ಒಂದು ಗೆರೆ ಎಳೆದುಬಿಟ್ಟೆ. ದಾರಿಯಲ್ಲಿ ಅದು ಪಂಕ್ಚರ್ ಆದದ್ದೂ ಮೂಗಿಗೆ ಗೊತ್ತಾಗಿ, ಅರ್ಧ ಗೆರೆ ಅಳಿಸಿದೆ.

ಇಂಥ ಮೂಗಿನ ಮಾದುವಿಗೆ, ಅಂದರೆ ನನಗೆ, ತಕ್ಕ ಕೆಲಸ ಕೊಟ್ಟವಳು ಅಕ್ಕನ ಮಗಳು ಸಂಘಮಿತ್ರಾ. ಮೈಸೂರಿನಲ್ಲಿ ಟ್ರಾಫಿಕ್ ಲೆಕ್ಕ ಹಾಕುವ ಕಂಪನಿಯೊಂದರಲ್ಲಿ ಎಂಜಿನಿಯರು. ನಂಜನಗೂಡಿನ ಹೊರಗಿರುವ ಹಳೇ ರೈಸ್‌ಮಿಲ್ಲನ್ನು ಕೆಡವಿ, ಅದರ ಮಾಲೀಕ ಸೋಮಶೇಖರ್ ನಾಲ್ಕಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸುತ್ತಾರಂತೆ. ಅದು ಎದ್ದ ಮೇಲೆ ಈ ರಸ್ತೆಯ ಗತಿ ಏನು ಎಂದು ಈಗಲೇ ಹೇಳಬೇಕು. ಹಾಗೆ ಹೇಳುವುದಕ್ಕೆ, ಇವತ್ತು ಎಷ್ಟು ಗಾಡಿ ಓಡುತ್ತವೆ ಎಂದು ಎರಡು ದಿನ ಎಣಿಸಬೇಕು. ಎರಡನೇ ದಿನ ಯಾಕೆಂದರೆ, ಮೊದಲನೇ ದಿನ ಸುಳ್ಳು ಹೇಳಿದ್ದರೆ ಹಿಡಿಯುವುದಕ್ಕೆ.

"ಹುಷಾರು ಮಾವ," ಎಂದಿದ್ದಳು ಹಾಳೆ ಕೊಡುವಾಗ. "ಗಂಟೆಗೆ ಸಾವಿರದ ಐನೂರು ಗಾಡಿ ದಾಟ್ತು ಅಂದ್ರೆ ಬಸ್ ಸ್ಟಾಪನ್ನ ಅರ್ಧ ಕಿಲೋಮೀಟರ್ ಆಚೆ ಹಾಕ್ತಾರೆ. ಆ ಜಾಗ ಕಾಂಪ್ಲೆಕ್ಸಿಗೆ ತಿರುಗೋ ದಾರಿ ಆಗುತ್ತೆ. ದೇವೀರಮ್ಮನ ಅಂಗಡಿ ಎತ್ತಬೇಕಾಗುತ್ತೆ."

ದೇವೀರಮ್ಮನದು ಮಿಲ್ಲಿನ ಎದುರಿನ ಬಸ್ ಸ್ಟಾಪಿಗೆ ಆತುಕೊಂಡಿರುವ ತಗಡಿನ ಟಿಫನ್ ಅಂಗಡಿ. ಗಂಡ ಇಲ್ಲ, ಹೊಲ ಇಲ್ಲ. ಇರುವುದು ಆ ಅಂಗಡಿ, ಒಂದು ಇಡ್ಲಿ ಪಾತ್ರೆ, ಬಸ್ಸು ಕಾಯುವ ಜನ. ನಾನು ತಲೆಯಾಡಿಸಿದೆ. ನನ್ನ ಲಕ್ಷ್ಯವೆಲ್ಲ ಕತ್ತಿಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿಯ ಮೇಲಿತ್ತು.

ಮಂಗಳವಾರ ಬೆಳಗ್ಗೆ ದೇವೀರಮ್ಮನ ಬೆಂಚಿನ ಮೇಲೆಯೇ ಕುರ್ಚಿ ಹಾಕಿಕೊಂಡು ಕೂತೆ. ಬೆಂಚಿನ ಮೇಲೆ ಕುರ್ಚಿ ಯಾಕೆ ಅಂದರೆ, ಅಧಿಕಾರಿ ಎತ್ತರದಲ್ಲಿರಬೇಕು. ಬೈಕಿಗೊಂದು ಗೆರೆ, ಬಸ್ಸಿಗೊಂದು ಗೆರೆ, ನಾಲ್ಕು ಗೆರೆಯಾದರೆ ಮೇಲೊಂದು ಅಡ್ಡಗೆರೆ. ಆವತ್ತು ಹುಣ್ಣಿಮೆ. ಸರ್ಕಾರಿ ರಜೆಯ ಪಟ್ಟಿಯಲ್ಲಿ ಇಲ್ಲದ್ದರಿಂದ ಕಂಪನಿಯ ಪಾಲಿಗೆ ಅದು ಮಾಮೂಲಿ ದಿನ. ನಂಜುಂಡಪ್ಪನ ಗುಡಿಗೆ ಬರುವ ಒಕ್ಕಲಿನವರಿಗೆ ಹಾಗಲ್ಲ. ಬನ್ನೂರು, ನರಸೀಪುರದ ಕಡೆಯವರೆಲ್ಲ ಟೆಂಪೊ, ಆಟೊ, ಟ್ರಾಕ್ಟರು ಹತ್ತಿಕೊಂಡು ಬಂದರು. ಹತ್ತರಿಂದ ಹನ್ನೊಂದರವರೆಗೆ ಸಾವಿರದ ಆರುನೂರ ಹತ್ತು. ನನ್ನ ರಸ್ತೆಯ ಪ್ರತಾಪ ನೋಡಿ ನನಗೇ ಮೈ ಜುಂ ಅಂತು. ಹುಣ್ಣಿಮೆಯ ವಿಚಾರ ಯಾರಿಗೂ ಹೇಳಲಿಲ್ಲ.

ಬುಧವಾರವೂ ಎಣಿಸಿದೆ. ಅದೇ ಹೊತ್ತಿಗೆ ಸಾವಿರದ ಆರುನೂರ ಹನ್ನೆರಡು. ಎರಡು ಗಾಡಿ ಹೆಚ್ಚು. ಊರು ಬೆಳೆಯುತ್ತಿದೆ!

ತಿಂಗಳಾದ ಮೇಲೆ ಸಂಘಮಿತ್ರಾ ಬಂದಳು. ಕೈಯಲ್ಲಿ ಇನ್ನೂರು ಪುಟದ ವರದಿ, ಹಿಂದೆ ಕೆಂಪು ಬಣ್ಣದ ಡಬ್ಬಿ ಹಿಡಿದ ಪೇಂಟರ್ ಕಲ್ಲಯ್ಯ. ವರದಿಯ ತುಂಬ ಬಣ್ಣಬಣ್ಣದ ಗೀಟುಗಳು, ಎಲ್ಲವೂ ಆಕಾಶದ ಕಡೆಗೆ. ಎರಡು ಸಾವಿರದ ನಲವತ್ತನೇ ಇಸವಿಗೆ ಗಂಟೆಗೆ ಆರು ಸಾವಿರ ಗಾಡಿ! ಗೆರೆ ಎಳೆದವನು ನಾನು ಅಂತ ಸ್ಟಾಪಿನಲ್ಲಿದ್ದ ಎಲ್ಲರಿಗೂ ಒಂದೊಂದು ಸಲ ಹೇಳಿದೆ. ಅಷ್ಟರಲ್ಲಿ ಕಲ್ಲಯ್ಯ ದೇವೀರಮ್ಮನ ಅಂಗಡಿಯ ಕಂಬದ ಮೇಲೆ ಇಂಟು ಗುರುತಿನ ಮೊದಲ ಗೀಟು ಎಳೆದ.

ದೇವೀರಮ್ಮ ಚಟ್ನಿ ಹಾಕುತ್ತಿದ್ದವಳು ಸೌಟು ಕೆಳಗಿಟ್ಟಳು. "ಯಾವತ್ತವ್ವ ಎಣಿಸಿದ್ದು?"

"ಹೋದ ತಿಂಗಳು ಮಂಗಳವಾರ, ಬುಧವಾರ ಅಮ್ಮ. ಎರಡು ದಿನವೂ ಒಂದೇ ಥರ ಬಂದಿದೆ. ಅದಕ್ಕೇ ಒಪ್ಪಿಕೊಂಡಿದ್ದು," ಎಂದಳು ಸಂಘಮಿತ್ರಾ. ದನಿ ಸಣ್ಣಗಿತ್ತು.

"ಒಂದೇ ತರ ಎಂಗಾದದು? ಮಂಗಳವಾರ ಉಣ್ಣಿಮೆ. ಅದಕ್ಕೆ ಎಂಟು ಸೇರು ಅಕ್ಕಿ ನೆನಾಕಿದ್ದೆ. ಬುಧವಾರಕ್ಕೆ ನಾಕೇ ಸೇರು. ಇಪ್ಪತ್ತೆಲ್ಡು ವರ್ಷದಿಂದ ಮುಂಚಿನ ದಿನ್ವೇ ಅಂದಾಜು ಮಾಡಿ ನೆನಾಕ್ತಾ ಇವ್ನಿ. ಒಂದು ದಿನ ಇಟ್ಟು ಮಿಕ್ಕಿಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಅಕ್ಕೋ, ನಿನ್ ಅಕ್ಕಿಗೂ ಕಂಪ್ನಿ ಲೆಕ್ಕಕ್ಕೂ ಏನಕ್ಕ ಸಂಬಂಧ? ಗಾಡೀಲಿ ಓಗೋರೆಲ್ಲಾ ಇಳ್ದು ನಿನ್ ಇಡ್ಲಿ ತಿಂದಾರಾ?"

"ಬುಧವಾರ ಅಂಗೇ ತಿಂದ್ರು ಕಣ್ ಮಾದಣ್ಣ. ಅನ್ನೊಂದು ಗಂಟೆಗೆಲ್ಲ ಪಾತ್ರೆ ಖಾಲಿ. ಕಬ್ಬಿನ ಟ್ರಾಕ್ಟ್ರು ಇಲ್ಲೇ ರೋಡಿಗಡ್ಡ ಮಗುಚ್ಕೊಂಡಿತ್ತಲ್ಲ, ಒಂಬತ್ತೂವರೆಯಿಂದ ಅನ್ನೊಂದರಗಂಟ ಒಂದು ಸೈಕಲ್ಲೂ ಆ ಕಡೆ ಓಗ್ನಿಲ್ಲ." ಅವಳು ನನ್ನ ಕಡೆ ತಿರುಗಿದಳು. "ನಿಂಗೂ ಒಂದು ಪ್ಲೇಟು ಎತ್ತಿಟ್ಟಿದ್ದೆ. ಮಧ್ಯಾಹ್ನದಗಂಟ ಕಾದೆ. ನೀನೇ ಬರ್ನಿಲ್ಲ."

ಸಂಘಮಿತ್ರಾ ವರದಿಯ ಕೊನೆಗೆ ಹೊಲಿದಿದ್ದ ನನ್ನ ಹಾಳೆ ತೆಗೆದಳು. ಬುಧವಾರ, ಹತ್ತರಿಂದ ಹನ್ನೊಂದು. ಅದರಲ್ಲಿ ನಾಲ್ಕು ಎತ್ತಿನ ಗಾಡಿ ಬೇರೆ.

"ಮಾವ, ಈ ಎತ್ತುಗಳು ಟ್ರಾಕ್ಟರ್ ಮೇಲೆ ಹಾರ್ಕೊಂಡು ಹೋದ್ವಾ?"

"ನರಸೀಪುರದ ಎತ್ತು ಕಣವ್ವ, ಕಾಲಲ್ಲಿ ಭಾಳ ಕಸುವು..." ಎಂದು ಶುರುಮಾಡಿದೆ. ಕಲ್ಲಯ್ಯನ ಬ್ರಷ್ಷಿನಿಂದ ಒಂದು ಹನಿ ಕೆಂಪು ಬಣ್ಣ ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಬಿತ್ತು. ದೇವೀರಮ್ಮ ಅದನ್ನು ಸೆರಗಿನಿಂದ ಒರೆಸಿದಳು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಇನ್ನೂ ಎರಡು ಸುಳ್ಳು ಹೇಳಿ ದಕ್ಕಿಸಿಕೊಳ್ಳುತ್ತಿದ್ದೆ.

"ಬನ್ನೂರಿಗೋಗಿದ್ದೆ," ಅಂದೆ. "ಪ್ರೇಮ್‌ಕುಮಾರನ ಮಗಳು ಪವಿತ್ರಾಳ ಬೀಗರ ಊಟ. ಮದುವೆಗೆ ತಪ್ಪಿಸ್ಕಬೋದು, ಬೀಗರ ಊಟಕ್ಕೆ ಎಂಗೆ ತಪ್ಪಿಸ್ಕಳದು? ಅದೂ ಬನ್ನೂರು ಕುರಿ. ಬುಧವಾರದ್ದು ಮಂಗಳವಾರದ ಹಾಳೆಯ ನಕಲು. ನಕಲು ಅಂತ ತಿಳೀಬಾರ್ದು ಅಂತ ಒಂದೊಂದು ಗಂಟೆಯ ಲೆಕ್ಕಕ್ಕೆ ಎರಡೆರಡು ಸೇರಿಸ್ದೆ."

ಇನ್ನೂರು ಪುಟ, ಹದಿನಾರು ನಕ್ಷೆ, ಎರಡು ಸಾವಿರದ ನಲವತ್ತನೇ ಇಸವಿ, ಎಲ್ಲವೂ ಒಂದು ಬಾಡೂಟದ ಮೇಲೆ ನಿಂತಿತ್ತು. ಸಂಘಮಿತ್ರಾ ವರದಿ ಮುಚ್ಚಿದಳು. "ಬ್ರಷ್ ಇಳಿಸಿ ಕಲ್ಲಯ್ಯನೋರೆ. ಹುಣ್ಣಿಮೆ ಇಲ್ಲದ ಎರಡು ದಿನ ಮತ್ತೆ ಎಣಿಸ್ಬೇಕು. ನಾನೇ ಕೂರ್ತೀನಿ. ಆಫೀಸಿಗೂ ಸೋಮಶೇಖರ್ ಅವರಿಗೂ ನಾನೇ ಹೇಳ್ತೀನಿ." ಆಮೇಲೆ ದೇವೀರಮ್ಮನ ಕಡೆ ನೋಡಿ, "ಎಷ್ಟು ಸೇರಿನ ದಿನ ಬರಲಿ ಅಮ್ಮ?" ಎಂದಳು.

"ನಾಕು ಸೇರಿನ ದಿನ ಬಾ ಮಗ. ಅದೇ ಮಾಮೂಲಿ."

ನನ್ನ ಕತ್ತಿನಿಂದ ಗುರುತಿನ ಚೀಟಿ ಬಿಚ್ಚಿಕೊಳ್ಳುತ್ತ ಸಂಘಮಿತ್ರಾ ಕೇಳಿದಳು: "ಆವತ್ತು ಏನನ್ನಾದ್ರೂ ಎಣಿಸಿದ್ಯಾ ಮಾವ?"

"ಎಣಿಸ್ದೆ ಕಣವ್ವ. ಎಲೆಗೆ ಬಿದ್ದ ತುಂಡು. ಇಪ್ಪತ್ತೊಂದು."

ದೇವೀರಮ್ಮ ಬಿಸಿ ಇಡ್ಲಿಯ ತಟ್ಟೆಯನ್ನು ನನ್ನ ಮುಂದೆ ತಳ್ಳಿ, ಮುಖ ನೋಡಿದಳು. ಹಬೆ ಮೂಗಿಗೆ ಬಡಿಯಿತು. ವಾಸನೆ ಮಾತ್ರ ಬರಲಿಲ್ಲ. ಆರು ವರ್ಷದಿಂದ ಮೂಗು ಕಟ್ಟಿಕೊಂಡೇ ಇದೆ.

"ಏಳೇ ತುಂಡು," ಅಂದೆ. "ಅದ್ರಲ್ಲಿ ಮೂರು ಬರೀ ಮೂಳೆ."