ಕರ್ನಲ್ ಬಿದ್ದದ್ದು ಯಾರ ಹೊಲಕ್ಕೆ?

ಪುಸ್ತಕವನ್ನು ನಾಲ್ಕು ತುಂಡು ಮಾಡಿದ್ದು ನಾನೇ. ಜಕ್ಕೂರಿನ ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಪರೀಕ್ಷೆಯ ಗೈಡುಗಳನ್ನು ಹಾಗೇ ಬ್ಲೇಡಿನಲ್ಲಿ ಕುಯ್ದು, ದಾರ ಹಾಕಿ ಹೊಲಿದು ಹಂಚಿಕೊಳ್ಳುತ್ತೇವೆ. ಪ್ರತಿ ಒಂದೇ ಇರುತ್ತದೆ, ಓದುವವರು ಹತ್ತು ಜನ. ಗೈಡನ್ನು ಎಲ್ಲಿಂದ ಓದಿದರೂ ನಡೆಯುತ್ತದೆ, ಮನುಷ್ಯನ ಕಥೆ ಹಾಗಲ್ಲ ಎಂಬುದು ಕುಯ್ಯುವಾಗ ನನಗೆ ಹೊಳೆಯಲಿಲ್ಲ.

ಮುಖಪುಟ ಕಳೆದುಕೊಂಡ ಹಳೆಯ ಅನುವಾದ ಅದು. ಒಬ್ಬ ಕರ್ನಲ್ ತನ್ನ ಸಾಹಸಗಳನ್ನು ತಾನೇ ಬರೆದುಕೊಂಡಿದ್ದ. ಮೊದಲ ಭಾಗದಲ್ಲಿ ರಾಯಭಾರ ಕಚೇರಿಯ ಫೈಲುಗಳಿಗೆ ಬೇಸತ್ತು, ಯುದ್ಧ ಶುರುವಾದದ್ದೇ ಸೈನ್ಯ ಸೇರುತ್ತಾನೆ. ಎರಡನೆಯದರಲ್ಲಿ ಶತ್ರುಗಳ ಕೈಯಲ್ಲಿದ್ದ ಬೆಟ್ಟದೂರಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಹಾರುತ್ತಾನೆ. ಮೂರನೆಯದರಲ್ಲಿ ಒಬ್ಬ ಮುದುಕಿ ಅವನನ್ನು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟು, ತನ್ನ ಕುರಿ ಕುಯ್ದು ಊಟ ಹಾಕುತ್ತಾಳೆ. ಕೊನೆಯದರಲ್ಲಿ ಯುದ್ಧ ಮುಗಿದು, ಅದೇ ದೇಶಕ್ಕೆ ರಾಯಭಾರಿಯಾಗಿ ಕಾರಿನಲ್ಲಿ ಬರುತ್ತಾನೆ. ಯಾರಿಗೆ ಯಾವ ಭಾಗ ಸಿಕ್ಕಿತೋ ಅವರಿಗೆ ಕರ್ನಲ್ ಅಷ್ಟೇ.

ಆ ವಾರವೇ ಹಾಸ್ಟೆಲಿನ ಒಡತಿ ಮುನಿಶಾಮಮ್ಮ ಲೈಬ್ರರಿ ಕೋಣೆಯ ಬಾಗಿಲಲ್ಲಿ ನಿಂತು ಗುಡುಗಿದ್ದರು. ಕಟ್ಟಡ ನಿಂತಿರುವುದು ಅವರದೇ ರಾಗಿ ಹೊಲದ ಮೇಲೆ. ಆ ಗತ್ತು ದನಿಯಲ್ಲಿ ಇನ್ನೂ ಇದೆ.

"ಓದೋದೆಲ್ಲಾ ಮೊಬೈಲ್ನಾಗೆ. ಈ ರೂಮ್ ಯಾತಕ್ಕೆ? ಬಾನುವಾರ ಬತ್ತೀನಿ. ಓದೋರು ಕಾಣ್ಲಿಲ್ಲ ಅಂದ್ರೆ ಸೋಮವಾರ ಇಲ್ಲಿ ಮಂಚ ಆಕುಸ್ತೀನಿ."

ಈ ಕೋಣೆ ಹೋದರೆ ನನಗೆ ಓದಲು ಉಳಿಯುವುದು ಬಾತ್‌ರೂಮಿನ ಮುಂದಿನ ಮೆಟ್ಟಿಲು. ನನ್ನ ರೂಮಿನಲ್ಲಿ ಉಳಿದ ಮೂವರೂ ಸದಾ ಫೋನಿನಲ್ಲಿ ಜಗಳವಾಡುತ್ತಿರುತ್ತಾರೆ.

ಭಾನುವಾರ ಪಕ್ಕದ ರೂಮಿನ ನಂದಿತಾ, ಮೋನಿಷಾ, ನಾನು ಮೊದಲ ತುಂಡನ್ನು ಮೇಜಿನ ಮೇಲೆ ಬಿಟ್ಟು, ಉಳಿದವನ್ನು ಒಂದೊಂದು ಹಿಡಿದು ಪರೀಕ್ಷೆಗೆ ಕೂತವರ ಹಾಗೆ ಕೂತೆವು. ಪಿಟಕ್ಕೆನ್ನಬಾರದು ಎಂದು ಒಪ್ಪಂದವಾಗಿತ್ತು. ಎರಡನೇ ಭಾಗ ಹಿಡಿದಿದ್ದ ನಂದಿತಾ ಕೆಡಿಸಿದಳು.

"ಅಯ್ಯೋ, ರಾತ್ರೀಲಿ ಹಾರೇಬಿಟ್ಟ ಕಣ್ರೇ! ಹೀರೋ ಅಂದ್ರೆ ಇವ್ನು!"

"ಹೀರೋ ಅಂತೆ. ಹೊಟ್ಟೆಬಾಕ ಅವ್ನು," ಎಂದಳು ಕೊನೆಯ ಭಾಗವನ್ನಷ್ಟೇ ನೋಡಿದ್ದ ಮೋನಿಷಾ. "ಪೇಜಿಗೊಂದು ಪಾರ್ಟಿ. ಸೂಟ್ ಹಾಕ್ಕೊಂಡು ತಿನ್ನೋದು ಬಿಟ್ರೆ ಬೇರೆ ಕೆಲ್ಸಾನೇ ಇಲ್ಲ."

"ಹಾರೋದು ಓದ್ದೇ ಮಾತಾಡ್ಬೇಡ ಮಗಾ."

"ಆ ಅಜ್ಜಿ ಪಾಪ ಅಂತ ಬಚ್ಚಿಟ್ಲು," ನಾನೂ ತಡೆಯಲಾರದೆ ಕೂಗಿದೆ. "ಇವ್ನು ಕುರಿ ತಿಂದು, ಬೆಳಗ್ಗೆ ಒಂದ್ ಮಾತೂ ಹೇಳ್ದೇ ಹೊರಟ!"

ಬಾಗಿಲು ಧಡಾರನೆ ತೆರೆಯಿತು. ಮುನಿಶಾಮಮ್ಮ ನಿಂತಿದ್ದರು, ಕೈಯಲ್ಲಿ ಪೊರಕೆ.

"ಯಾವನೇ ಅವ್ನು ರಾತ್ರೀಲಿ ಆರ್ದೋನು? ನನ್ ಕಾಂಪೌಂಡ್ ಆರಿ, ಬಾಡೂಟ ಬೇರೆ ಮಾಡ್ದಾ? ಎಲ್ ಬಚ್ಚಿಟ್ಟಿದ್ದೀರೇ?"

ಮೇಜಿನ ಕೆಳಗೆ ಬಗ್ಗಿ ಪೊರಕೆ ಆಡಿಸಿದರು. ಕಪಾಟಿನ ಹಿಂದೆ ತಿವಿದರು. ನಂದಿತಾ ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದಳು.

"ಆಂಟಿ, ಅವ್ನು ಪುಸ್ತಕದಲ್ಲಿದ್ದಾನೆ! ಹಾರಿದ್ದು ವಿಮಾನದಿಂದ!"

ಪೊರಕೆ ಇಳಿಯಲಿಲ್ಲ. "ಇಮಾನದಿಂದಾನಾ? ದಿನಾ ನಮ್ ತಲೆ ಮ್ಯಾಲೇ ಓಡಾಡ್ತವೆ, ಒಬ್ಬಾನೂ ಉದುರಿಲ್ಲ. ಎಲ್ಲಿ, ಓದು."

ನಂದಿತಾ ಎದ್ದು ಕೂತು ಓದಿದಳು.

"ಯಾರ್ ಒಲಕ್ಕೆ ಬಿದ್ದ?"

"ಬರೆದಿಲ್ಲ ಆಂಟಿ."

"ಪೈರಿತ್ತಾ?"

"ಅದೂ ಬರೆದಿಲ್ಲ."

"ಇಷ್ಟ್ ದಪ್ಪ ಬರ್ದವ್ನೆ, ಒಲ ಯಾರ್ದು ಅಂತ ಬರ್ದಿಲ್ವಾ? ಬೂಟ್ನಾಗೆ ಪೈರ್ ತುಳ್ದವ್ನೆ. ಅದಕ್ಕೇ ಮುಚ್ಚಿಟ್ಟವ್ನೆ."

ಆಮೇಲೆ ನಾನು ಮೂರನೇ ಭಾಗ ಓದಿದೆ. ಮುದುಕಿ ಕುರಿ ಕುಯ್ದಾಗ ಮುನಿಶಾಮಮ್ಮ ನೆಲಕ್ಕೆ ಕೂತರು. ಕರ್ನಲ್ ಹೋದ ಮೇಲೆ ಶತ್ರುಗಳು ಬಂದು ಬಣವೆಗೆ ಬೆಂಕಿ ಇಟ್ಟಾಗ ಪೊರಕೆ ಅವರ ಕೈಯಿಂದ ಜಾರಿತು.

"ಆಮ್ಯಾಕೆ? ಅವ್ಳನ್ನ ಬಂದು ನೋಡಿದ್ನಾ?"

ಎಲ್ಲರೂ ಮೋನಿಷಾಳ ಮುಖ ನೋಡಿದೆವು.

"ಗೊತ್ತಿಲ್ಲ," ಎಂದಳು. "ಊಟ ಇರೋ ಪೇಜ್ ಮಾತ್ರ ಓದ್ದೆ."

ನಂದಿತಾ ಅವಳ ಕೈಯಿಂದ ತುಂಡನ್ನು ಕಿತ್ತುಕೊಂಡಳು. ಪಾರ್ಟಿ, ಭಾಷಣ, ಮತ್ತೆ ಪಾರ್ಟಿ. ಮುದುಕಿಗೆ ಸಿಕ್ಕಿದ್ದು ಒಂದೇ ಸಾಲು: ಬೆಟ್ಟದ ದಾರಿ ಕೆಟ್ಟಿದ್ದರಿಂದ ಕಾರು ಮೇಲೇರಲಿಲ್ಲ, ಕೆಳಗಿನಿಂದಲೇ ಅವಳ ಮನೆಯ ಕಡೆ ಕೈ ಬೀಸಿದೆ.

"ಕೈ ಬೀಸಿದ್ನಾ!" ಮುನಿಶಾಮಮ್ಮ ಎದ್ದು ನಿಂತರು. "ಆಕಾಶದಿಂದ ಬೀಳಾಕೆ ಕಾಲಿದ್ವು, ಬೆಟ್ಟ ಅತ್ತಾಕೆ ಇರ್ಲಿಲ್ವಾ?"

ಹೇಳದೆ ಕೇಳದೆ ಮನೆ ಖಾಲಿ ಮಾಡಿದ ಬಾಡಿಗೆಯವನನ್ನು ಬೈದ ಹಾಗೆ ಬೈಯುತ್ತ, ಮೆಟ್ಟಿಲಿಳಿದು ಹೋದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೋಣೆಯ ವಿಷಯ ಕೇಳಲಿಲ್ಲವಲ್ಲ ಎಂದು ನೆನಪಾದಾಗ ನಗು ನಿಂತಿತು.

ಸೋಮವಾರ ಗೇಟಿಗೆ ಟೆಂಪೋ ಬಂತು, ಮಂಚ ಹೊತ್ತು. ಆಳುಗಳು ಅದನ್ನು ಲೈಬ್ರರಿಗೆ ತಂದಿಳಿಸಿದಾಗ ನಾನು ನನ್ನ ಪುಸ್ತಕಗಳನ್ನು ಎತ್ತಿ ಎದೆಗೆ ಅವುಚಿಕೊಂಡೆ. ಮೆಟ್ಟಿಲಿನ ಕಡೆ ಕಾದೆ. ಎರಡನೇ ಮಂಚ ಬರಲಿಲ್ಲ. ಬಂದವರು ಮುನಿಶಾಮಮ್ಮ, ಕಂಕುಳಲ್ಲಿ ದಿಂಬು, ಕೈಯಲ್ಲಿ ಗೋಣಿ ಹೊಲಿಯುವ ಸೂಜಿ. ಮಂಚದ ಮೇಲೆ ಆಗಲೇ ಜಾಗ ಹಿಡಿದಿದ್ದ ಮೋನಿಷಾಳನ್ನು ಅತ್ತ ತಳ್ಳಿ, ಕಾಲು ನೀಡಿ ಕೂತರು.

"ನೆಲದಾಗ್ ಕುಂತ್ರೆ ಮಂಡಿ ಇಡ್ಕೊಂತವೆ," ಎಂದು ಸೂಜಿಯನ್ನು ನನ್ನ ಕಡೆ ಚಾಚಿದರು. "ಆ ಪುಸ್ತಕಾನ ಒಂದ್ ಮಾಡು. ಮೊದ್ಲಿಂದ ಓದು. ಅವ್ನು ಎಲ್ಲಿ ಕೆಟ್ಟ ಅಂತ ನೋಡಾಣ."